ಕಳಚುತ್ತಿರುವ ಪರಮಾಣು ಸ್ಥಾವರದ ತಪಾಸಣೆ: ಹಳೆಯ ಕಡತ, ಇಂದಿನ ಗೋಡೆ

ರಿಯಾಕ್ಟರ್ ನಿಂತು ಇಂಧನವೆಲ್ಲ ಹೊರಗೆ ಹೋದಾಗ, ಸ್ಥಾವರದಲ್ಲಿದ್ದ ವಿಕಿರಣಶೀಲತೆಯಲ್ಲಿ ಶೇ. 99ಕ್ಕೂ ಹೆಚ್ಚು ಅದರ ಜೊತೆಗೇ ಹೋಗಿರುತ್ತದೆ. ಸರಣಿ ಕ್ರಿಯೆಯ ಭಯವಿಲ್ಲ, ಉಗಿಯ ಒತ್ತಡವಿಲ್ಲ. ಹಾಗಾಗಿ "ಇನ್ನೇನಿದೆ ನೋಡೋಕೆ" ಅನ್ನುವ ಮಾತು ಸೈಟಿನಲ್ಲಿ ಆಗಾಗ ಕೇಳಿಸುತ್ತದೆ. ಆದರೆ ಓಡುತ್ತಿರುವ ಸ್ಥಾವರ ವರ್ಷಗಟ್ಟಲೆ ಒಂದೇ ಥರ ಇರುತ್ತದೆ. ಕಳಚುತ್ತಿರುವ ಸ್ಥಾವರ ವಾರದಿಂದ ವಾರಕ್ಕೆ ಬದಲಾಗುತ್ತದೆ. ಸುರಕ್ಷತಾ ವರದಿ, ವೈರಿಂಗ್ ನಕ್ಷೆ, ವಿಕಿರಣ ಸಮೀಕ್ಷೆ ಎಲ್ಲವೂ ಬರೆದ ದಿನದಿಂದಲೇ ಹಳತಾಗತೊಡಗುತ್ತವೆ. ಈ ತಪಾಸಣೆಯ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾವು ಮೊದಲು ಕಲಿಸುವ ಪ್ರಶ್ನೆ ಒಂದೇ: ಈ ಕಾಗದ ಯಾವ ದಿನದ ಸ್ಥಾವರದ ಬಗ್ಗೆ ಹೇಳುತ್ತಿದೆ?

ಇದು ಎಲ್ಲಕ್ಕಿಂತ ಹೆಚ್ಚು ಕಾಡುವುದು ಫಿಂಗರ್‌ಪ್ರಿಂಟ್ ವಿಷಯದಲ್ಲಿ. ಒಂದು ಪೈಪಿನಲ್ಲಿ ಯಾವ ಯಾವ ವಿಕಿರಣಶೀಲ ಧಾತು ಎಷ್ಟೆಷ್ಟು ಇದೆಯೆಂದು ಪ್ರತಿ ಬಾರಿಯೂ ಲ್ಯಾಬಿಗೆ ಕಳಿಸಿ ನೋಡಲು ಆಗುವುದಿಲ್ಲ. ಕೆಲವು ಸ್ಯಾಂಪಲ್‌ಗಳನ್ನು ಪೂರ್ತಿ ವಿಶ್ಲೇಷಿಸಿ ಅನುಪಾತ ಕಟ್ಟಿಕೊಳ್ಳುತ್ತಾರೆ. ಈ ಅನುಪಾತವೇ ಫಿಂಗರ್‌ಪ್ರಿಂಟ್. ಆಮೇಲೆ ಹೊರಗಿನಿಂದ ಸುಲಭವಾಗಿ ಅಳೆಯಬಹುದಾದ ಕೋಬಾಲ್ಟ್-60 ಅಥವಾ ಸೀಸಿಯಂ-137ರ ಗಾಮಾ ನೋಡಿ ಉಳಿದದ್ದನ್ನು ಲೆಕ್ಕ ಹಾಕುತ್ತಾರೆ. ವಿಧಾನ ಸರಿಯಾಗಿಯೇ ಇದೆ. ಆದರೆ ಕೋಬಾಲ್ಟ್-60ರ ಅರ್ಧಾಯು (ಕ್ಷಯಿಸಿ ಅರ್ಧಕ್ಕೆ ಇಳಿಯಲು ಬೇಕಾದ ಕಾಲ) 5.27 ವರ್ಷ, ನಿಕಲ್-63ರದ್ದು ಸುಮಾರು 100 ವರ್ಷ. ಸ್ಯಾಂಪಲ್ ತೆಗೆದ ದಿನ ಒಂದು ಪಾಲು ಕೋಬಾಲ್ಟಿಗೆ ಐದು ಪಾಲು ನಿಕಲ್ ಇತ್ತು ಎಂದುಕೊಳ್ಳಿ. ಹತ್ತು ವರ್ಷ ಕಳೆದರೆ ಕೋಬಾಲ್ಟ್ 0.27ಕ್ಕೆ ಇಳಿದಿರುತ್ತದೆ, ನಿಕಲ್ ಇನ್ನೂ 4.7ರ ಹತ್ತಿರ ಇರುತ್ತದೆ. ಅನುಪಾತ ಐದರಿಂದ ಹದಿನೇಳಕ್ಕೆ ಏರಿತು. ಹಳೆಯ ಅನುಪಾತವನ್ನೇ ಹಿಡಿದು ಡ್ರಮ್ಮಿಗೆ ಲೇಬಲ್ ಅಂಟಿಸಿದರೆ ನಿಜವಾಗಿ ಇರುವುದರ ಮೂರನೇ ಒಂದು ಪಾಲಿಗಿಂತಲೂ ಕಡಿಮೆ ಬರೆದಂತಾಗುತ್ತದೆ. ನಿಕಲ್-63 ಹೊರಸೂಸುವುದು ಬರೀ ದುರ್ಬಲ ಬೀಟಾ. ಡ್ರಮ್ಮಿನ ಹೊರಗೆ ನಿಂತ ಯಾವ ಮೀಟರೂ ಈ ತಪ್ಪನ್ನು ತೋರಿಸುವುದಿಲ್ಲ.

ಇಂಧನದ ಕವಚ ಒಡೆದ ಇತಿಹಾಸವಿರುವ ಕಡೆ ಇನ್ನೂ ಹುಷಾರಾಗಿರಬೇಕು. ಅಲ್ಲಿ ಪ್ಲುಟೋನಿಯಂ-241 ಇರುತ್ತದೆ. ಅದರ ಅರ್ಧಾಯು 14.3 ವರ್ಷ, ಬೀಟಾ ಬಿಟ್ಟು ಅದು ಆಲ್ಫಾ ಹೊರಸೂಸುವ ಅಮೆರಿಸಿಯಂ-241 ಆಗುತ್ತದೆ. ಅಂದರೆ ಗಾಮಾ ಇಳಿಯುತ್ತಿರುವ ಅದೇ ಕೋಣೆಯಲ್ಲಿ ಆಲ್ಫಾ ಏರುತ್ತಿರುತ್ತದೆ. ಉಸಿರಿನೊಳಗೆ ಹೋದ ಒಂದು ಬೆಕೆರೆಲ್ (ಸೆಕೆಂಡಿಗೆ ಒಂದು ಪರಮಾಣುವಿನ ಕ್ಷಯ) ಅಮೆರಿಸಿಯಂ ದೇಹಕ್ಕೆ ಕೊಡುವ ವಿಕಿರಣದ ಡೋಸ್, ಒಂದು ಬೆಕೆರೆಲ್ ಕೋಬಾಲ್ಟಿನ ಸಾವಿರ ಪಟ್ಟಿಗೂ ಹೆಚ್ಚು. "ಡೋಸ್ ರೇಟ್ ಕಮ್ಮಿಯಾಗಿದೆ, ಮಾಸ್ಕ್ ದರ್ಜೆ ಇಳಿಸೋಣ" ಎಂಬ ಪ್ರಸ್ತಾವ ಬಂದರೆ ನಾವು ತಕ್ಷಣ ಕೇಳುವುದು ಫಿಂಗರ್‌ಪ್ರಿಂಟಿನ ತಾರೀಖು ಮತ್ತು ಕ್ಷಯದ ತಿದ್ದುಪಡಿ ಮಾಡಿದ ಲೆಕ್ಕದ ಹಾಳೆ.

ಆಲ್ಫಾ ಅಳೆಯುವುದನ್ನು ಕಣ್ಣಾರೆ ನಿಂತು ನೋಡುವುದು ಒಳ್ಳೆಯದು. ಪ್ರೋಬನ್ನು ಮೇಲ್ಮೈಯಿಂದ ಸುಮಾರು 5 ಮಿಲಿಮೀಟರ್ ಒಳಗೆ ಹಿಡಿದು, ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ವೇಗದಲ್ಲಿ ಸರಿಸಬೇಕು. ಗೋಡೆ ಒದ್ದೆಯಿದ್ದರೆ ಆ ನೀರಿನ ಪೊರೆಯೇ ಆಲ್ಫಾವನ್ನು ತಡೆದುಬಿಡುತ್ತದೆ. ಪೇಂಟ್ ಇದ್ದರಂತೂ ಮುಗಿಯಿತು: ಹಿಂದೊಮ್ಮೆ ಚೆಲ್ಲಿದ್ದನ್ನು ಪೂರ್ತಿ ತೆಗೆಯಲಾಗದೆ ಮೇಲೆ ಬಣ್ಣ ಬಳಿದು ಭದ್ರ ಮಾಡಿರುವುದು ಹಳೆಯ ಸ್ಥಾವರಗಳಲ್ಲಿ ಸಾಮಾನ್ಯ. ಮೀಟರ್ ಸೊನ್ನೆ ತೋರಿಸುತ್ತದೆ, ಗ್ರೈಂಡರ್ ಇಟ್ಟ ಕೂಡಲೇ ಎಲ್ಲವೂ ಗಾಳಿಗೆ ಬರುತ್ತದೆ. ಕತ್ತರಿಸುವ ಮೊದಲು ಬಣ್ಣವನ್ನು ಪದರ ಪದರವಾಗಿ ಕೆರೆದು ಸ್ಯಾಂಪಲ್ ತೆಗೆದಿದ್ದಾರೆಯೇ ಎಂದು ಕೇಳಲೇಬೇಕು.

ಗಾಳಿಯ ವ್ಯವಸ್ಥೆಯೂ ಅಷ್ಟೇ. ಮಾಲಿನ್ಯ ಇರುವ ಕೋಣೆಯನ್ನು ಅಕ್ಕಪಕ್ಕಕ್ಕಿಂತ ಸ್ವಲ್ಪ ಕಡಿಮೆ ಒತ್ತಡದಲ್ಲಿ, ಸಾಮಾನ್ಯವಾಗಿ ಕೆಲವು ಹತ್ತು ಪ್ಯಾಸ್ಕಲ್‌ಗಳಷ್ಟು ಕಡಿಮೆ, ಇಟ್ಟಿರುತ್ತಾರೆ. ಗಾಳಿ ಸ್ವಚ್ಛ ಕಡೆಯಿಂದ ಕೊಳಕು ಕಡೆಗೆ ಹರಿಯಬೇಕು. ಯಂತ್ರ ಹೊರತೆಗೆಯಲು ಗೋಡೆಯಲ್ಲಿ ಕಿಂಡಿ ಕೊರೆದರೆ, ಪಕ್ಕದ ಕಟ್ಟಡದ ಫ್ಯಾನ್ ಬಿಚ್ಚಿದರೆ, ಆ ಸಮತೋಲ ಕೆಡುತ್ತದೆ. ಕಿಂಡಿಯ ಬಾಯಲ್ಲಿ ಒಳಮುಖದ ಗಾಳಿ ಸೆಕೆಂಡಿಗೆ ಅರ್ಧ ಮೀಟರಾದರೂ ಇರಬೇಕೆಂಬುದು ರೂಢಿಯ ಅಳತೆ. ಕಂಟ್ರೋಲ್ ರೂಮಿನ ಪರದೆ ಏನೇ ಹೇಳಲಿ, ಹೊಗೆ ಟ್ಯೂಬ್ ಒಂದನ್ನು ಬಾಯಿಯ ನಾಲ್ಕೂ ಮೂಲೆಗಳಲ್ಲಿ ಹಿಡಿಸಿ ನೋಡಿ. ನಡುವೆ ಒಳಗೆಳೆದು ಮೇಲಿನ ಮೂಲೆಯಲ್ಲಿ ಹೊರಗೆ ಸೋರುವ ಕಿಂಡಿಗಳು ಇರುತ್ತವೆ.

ಹೊರಹೋಗುವ ಗಾಳಿಯಿಂದ ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ಗೇಜ್ ಓದುವುದರಲ್ಲಿ ಅನುಭವಸ್ಥರೂ ಎಡವುತ್ತಾರೆ. ಧೂಳು ತುಂಬಿದಂತೆ ಫಿಲ್ಟರಿನ ಎರಡು ಬದಿಯ ಒತ್ತಡದ ವ್ಯತ್ಯಾಸ ನಿಧಾನವಾಗಿ ಏರಬೇಕು. ಪ್ಲಾಸ್ಮಾ ಕಟಿಂಗ್ ನಡೆಯುವಾಗ ಅತಿ ನವಿರಾದ ಹೊಗೆ ಎದ್ದು ಅದು ಬೇಗ ಬೇಗ ಏರುತ್ತದೆ. ಅದಕ್ಕೇ ಮುಂದೆ ಕಿಡಿ ತಡೆಯುವ ಜಾಲರಿ ಮತ್ತು ಅಗ್ಗದ ಪ್ರೀ-ಫಿಲ್ಟರ್ ಇರಬೇಕು. ಫಿಲ್ಟರ್ ಬದಲಿಸದೆಯೇ, ಫ್ಯಾನಿನ ವೇಗ ಇಳಿಸದೆಯೇ ರೀಡಿಂಗ್ ಒಮ್ಮೆಗೇ ಇಳಿದಿದ್ದರೆ ಫಿಲ್ಟರಿನ ಕಾಗದ ಹರಿದಿದೆ ಅಥವಾ ಗ್ಯಾಸ್ಕೆಟ್ ಪಕ್ಕದಿಂದ ಗಾಳಿ ನುಗ್ಗುತ್ತಿದೆ ಎಂದೇ ಮೊದಲು ಅನುಮಾನಿಸಬೇಕು. ಲಾಗ್ ಪುಸ್ತಕದಲ್ಲಿ ಹಸಿರು ಗೆರೆಯೊಳಗೆ ಇದೆ ಎಂದು ಸಹಿ ಬಿದ್ದಿರುತ್ತದೆ, ಏಕೆಂದರೆ ಹೆಚ್ಚಿನ ಫಾರಮುಗಳಲ್ಲಿ ಮೇಲಿನ ಮಿತಿ ಮಾತ್ರ ಅಚ್ಚಾಗಿರುತ್ತದೆ. ಕೆಳಗಿನ ಮಿತಿಯನ್ನೂ ಬರೆಸಿ.

ವಿದ್ಯುತ್ ವಿಷಯದಲ್ಲಿ ಹಳೆಯ ನಕ್ಷೆ ನಂಬಿ ಕೇಬಲ್ ಕತ್ತರಿಸುವುದು ಜೀವಕ್ಕೇ ಅಪಾಯ. ಕಟ್ಟಡಕ್ಕೆ ಬರುವ ಎಲ್ಲ ಲೈನುಗಳನ್ನೂ ಹೊರಗೇ ಕಡಿದು ಬೇರ್ಪಡಿಸಿ, ಕೆಲಸಕ್ಕೆ ಬೇಕಾದ ತಾತ್ಕಾಲಿಕ ಲೈನನ್ನು ಬೇರೆ ಬಣ್ಣದ ಕೇಬಲ್ಲಿನಲ್ಲಿ ಎಳೆಯುವ ಪದ್ಧತಿಯೇ ಹೆಚ್ಚು ಭದ್ರ ಎಂಬುದು ನಮ್ಮ ಖಚಿತ ಅಭಿಪ್ರಾಯ. ಆಮೇಲೂ ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ, ನಂತರ ಕತ್ತರಿಸಬೇಕಾದ ಕೇಬಲ್ಲಿಗೆ, ಮತ್ತೆ ಕರೆಂಟ್ ಇರುವ ಕಡೆ ಹಚ್ಚಿ ಪರೀಕ್ಷಿಸಬೇಕು. ಕ್ರೇನು, ಸಂಪ್ ಪಂಪು, ಬೆಂಕಿ ಅಲಾರಂ ಕೊನೆಯವರೆಗೂ ಬೇಕು. ನಿರ್ವಹಣಾ ಪಟ್ಟಿಯಿಂದ ಅವು ಸದ್ದಿಲ್ಲದೆ ಬಿಟ್ಟುಹೋಗಿವೆಯೇ ನೋಡಿ.

ಕೆಲಸ ಮುಂದೂಡಿದರೂ ಸ್ಥಾವರ ಬದಲಾಗದೆ ಇರುವುದಿಲ್ಲ. ಅಮೆರಿಕದ ಹಳೆಯ ಪ್ಲುಟೋನಿಯಂ ತಯಾರಿಕಾ ತಾಣವಾದ ಹ್ಯಾನ್‌ಫರ್ಡ್‌ನಲ್ಲಿ ಮಾಲಿನ್ಯಗೊಂಡ ಯಂತ್ರಗಳನ್ನು ರೈಲು ಗಾಡಿಗಳ ಸಮೇತ ಇಟ್ಟಿದ್ದ, 1950ರ ದಶಕದ ಮರದ ತೊಲೆಗಳ ಸುರಂಗದ ಚಾವಣಿ 2017ರ ಮೇ ತಿಂಗಳಲ್ಲಿ ಒಂದು ಕಡೆ ಕುಸಿಯಿತು. ಅದೇ ವರ್ಷ ಅಲ್ಲಿಯೇ ಪ್ಲುಟೋನಿಯಂ ಫಿನಿಶಿಂಗ್ ಪ್ಲಾಂಟ್ ಕೆಡವುವಾಗ ಜೂನ್‌ನಲ್ಲೊಮ್ಮೆ, ಡಿಸೆಂಬರ್‌ನಲ್ಲಿ ಮತ್ತೊಮ್ಮೆ ಮಾಲಿನ್ಯ ಗಡಿ ದಾಟಿ, ವಾಹನಗಳ ಮೇಲೂ ಸಿಕ್ಕಿತು. ನಿಲ್ಲಿಸಿದ ಕೆಲಸ ಮತ್ತೆ ಶುರುವಾದದ್ದು 2018ರ ಸೆಪ್ಟೆಂಬರ್‌ನಲ್ಲಿ. ಗೋಡೆ ಬಿದ್ದ ಮೇಲೆ ಹೆಪಾ ಫಿಲ್ಟರ್ ಉಪಯೋಗಕ್ಕಿಲ್ಲ. ಆಗ ಕೈಯಲ್ಲಿರುವುದು ಧೂಳು ಹಿಡಿದಿಡುವ ಅಂಟು ಲೇಪ, ನೀರಿನ ತುಂತುರು, ಗಾಳಿಯ ವೇಗ ಇಂತಿಷ್ಟು ಮೀರಿದರೆ ಕೆಲಸ ನಿಲ್ಲಿಸುವ ನಿಯಮ, ಮತ್ತು ಅವಶೇಷ ರಾಶಿ ಬೀಳದಂತೆ ಅಂದಂದೇ ಸಾಗಿಸುವ ಶಿಸ್ತು. ಕೆಡವುವ ವೇಗ ಸಾಗಿಸುವ ವೇಗವನ್ನು ಮೀರಿದರೆ ಅದನ್ನು ತಪಾಸಣಾ ವರದಿಯಲ್ಲಿ ಬರೆಯಿರಿ, ಅಳತೆಯಲ್ಲಿ ಇನ್ನೂ ಏನೂ ಕಾಣದಿದ್ದರೂ.

ಕೊನೆಯ ಹಂತ ವಸ್ತುಗಳ ಬಿಡುಗಡೆ, ಅಂದರೆ ಅವನ್ನು ವಿಕಿರಣ ನಿಯಂತ್ರಣದಿಂದ ಹೊರಗೆ ಬಿಡುವುದು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ (ಐಎಇಎ) ಮಾನದಂಡದಲ್ಲಿ ಕೋಬಾಲ್ಟ್-60, ಸೀಸಿಯಂ-137, ಅಮೆರಿಸಿಯಂ-241 ಮೂರಕ್ಕೂ ಮಿತಿ ಗ್ರಾಮಿಗೆ 0.1 ಬೆಕೆರೆಲ್, ಟ್ರಿಟಿಯಂಗೆ 100. ಹಲವು ಧಾತುಗಳಿದ್ದರೆ ಪ್ರತಿಯೊಂದನ್ನೂ ಅದರ ಮಿತಿಯಿಂದ ಭಾಗಿಸಿ ಕೂಡಿದಾಗ ಮೊತ್ತ ಒಂದನ್ನು ದಾಟಬಾರದು. ಕಾಂಕ್ರೀಟಿನಲ್ಲಿ ಪೊಟ್ಯಾಸಿಯಂ-40, ಯುರೇನಿಯಂ, ಥೋರಿಯಂ ಸಹಜವಾಗಿಯೇ ಇರುತ್ತವೆ. ಹಾಗಾಗಿ ಹಿನ್ನೆಲೆ ಅಳತೆಯನ್ನು ಬಯಲಲ್ಲಿ ತೆಗೆದರೆ ಆಗದು. ಅದೇ ಜಲ್ಲಿ, ಅದೇ ಸಿಮೆಂಟಿನಿಂದ ಕಟ್ಟಿದ, ವಿಕಿರಣ ಸೋಂಕದ ಕಟ್ಟಡದ ಗೋಡೆಯ ಮೇಲೆ ತೆಗೆಸಿ.