ಎರೆಮಣ್ಣಿನ ಕುಂಡಗಳಲ್ಲಿ ರಂಜಕ ಮತ್ತು ಲವಣ: ಎರಡನೆಯ ಸುತ್ತು, ಐದನೆಯ ವಾರ

ರಂಜಕದ ಗೊಬ್ಬರವಾದ ಸಿಂಗಲ್ ಸೂಪರ್ ಫಾಸ್ಫೇಟಿನ (ಮುಂದೆ ಬರೀ ‘ಸೂಪರ್’) ಜತೆ ಬೇರೆ ಲವಣ ಸೇರಿಸಿದರೆ ಎರೆಮಣ್ಣಿನಲ್ಲಿ ಗಿಡಕ್ಕೆ ಸಿಗುವ ರಂಜಕ ಹೆಚ್ಚುತ್ತದೆಯೋ ಕುಗ್ಗುತ್ತದೆಯೋ ಎಂದು ಕುಂಡಗಳಲ್ಲಿ ನೋಡುತ್ತಿದ್ದೇನೆ. ಮೊದಲ ಸುತ್ತಿನ ಫಲಿತಾಂಶವನ್ನು ಪೂರ್ತಿಯಾಗಿ ಕೈಬಿಟ್ಟಿದ್ದೇನೆ. ಸೂಪರ್ ಫಾಸ್ಫೇಟಿನೊಂದಿಗೆ ಅಮೋನಿಯಂ ಸಲ್ಫೇಟ್ ಬೆರೆಸಿದ ಕುಂಡಗಳಲ್ಲಿ ಜೋಳ ಹುಲುಸಾಗಿ ಬೆಳೆದಿತ್ತು. ಆದರೆ ಸಾರಜನಕ ಆ ಕುಂಡಗಳಿಗೆ ಮಾತ್ರ ಸಿಕ್ಕಿದ್ದರಿಂದ, ಆ ಬೆಳವಣಿಗೆ ರಂಜಕದಿಂದಲೋ ಸಾರಜನಕದಿಂದಲೋ ಎಂದು ನಿರ್ಧರಿಸಲು ಆಧಾರವೇ ಇರಲಿಲ್ಲ. ಆದ್ದರಿಂದ ಈ ಬಾರಿ ನಾಲ್ಕು ಕಿಲೋ ಮಣ್ಣಿನ ಪ್ರತಿ ಕುಂಡಕ್ಕೂ 2.86 ಗ್ರಾಂ ಸೂಪರ್ (ಸುಮಾರು 200 ಮಿಲಿಗ್ರಾಂ ರಂಜಕ) ಹಾಕಿ, ಸಾರಜನಕವನ್ನು 400 ಮಿಲಿಗ್ರಾಂಗೆ ಸರಿದೂಗಿಸಿದ್ದೇನೆ: ಕೆಲವಕ್ಕೆ 0.87 ಗ್ರಾಂ ಯೂರಿಯಾ, ಉಳಿದವಕ್ಕೆ 1.95 ಗ್ರಾಂ ಅಮೋನಿಯಂ ಸಲ್ಫೇಟ್.

ಸೂಪರ್ ಎಲ್ಲ ಕುಂಡಗಳಲ್ಲೂ ಬೀಜದ ಪಕ್ಕದ ಒಂದೇ ಸಾಲಿನಲ್ಲಿದೆ. ಅಮೋನಿಯಂ ಸಲ್ಫೇಟನ್ನು ಮೂರು ಕುಂಡಗಳಲ್ಲಿ ಅದೇ ಸಾಲಿಗೆ, ಇನ್ನು ಮೂರರಲ್ಲಿ ಇಡೀ ಮಣ್ಣಿಗೆ ಬೆರೆಸಿದೆ. ಯೂರಿಯಾ ಕುಂಡಗಳಲ್ಲಿ ಮೂರಕ್ಕೆ ಪೊಟ್ಯಾಷ್, ಮೂರಕ್ಕೆ ಜಿಪ್ಸಂ ಸಾಲಿನಲ್ಲೇ ಸೇರಿವೆ. ಮೂರು ಹಾಗೆಯೇ ಇವೆ.

ಐದನೆಯ ವಾರಕ್ಕೆ ಕಣ್ಣಿಗೆ ಸ್ಪಷ್ಟವಾಗಿ ಕಾಣುವ ವ್ಯತ್ಯಾಸ ಒಂದೇ. ಸೂಪರ್ ಮತ್ತು ಅಮೋನಿಯಂ ಸಲ್ಫೇಟ್ ಒಂದೇ ಸಾಲಿನಲ್ಲಿರುವ ಗಿಡಗಳ ಎಲೆ ಅಗಲವಾಗಿದ್ದು, ಸಾಲಿನ ಸುತ್ತ ಸಣ್ಣ ಬೇರುಗಳು ದಟ್ಟವಾಗಿ ಹೆಣೆದುಕೊಂಡಿವೆ. ಅದೇ ಲವಣವನ್ನು ಮಣ್ಣಿಗೆಲ್ಲ ಬೆರೆಸಿದ ಗಿಡಗಳು ಯೂರಿಯಾ ಗಿಡಗಳಿಗಿಂತ ಹೆಚ್ಚೇನೂ ಮುಂದಿಲ್ಲ. ಬೇರು ಅಮೋನಿಯಂ ಅಯಾನನ್ನು ಹೀರಿಕೊಂಡಾಗ ಪ್ರತಿಯಾಗಿ ಹೈಡ್ರೋಜನ್ ಅಯಾನನ್ನು ಹೊರಬಿಡುತ್ತದೆ; ಸುಣ್ಣ ತುಂಬಿದ ಎರೆಮಣ್ಣಿನಲ್ಲಿಯೂ ಬೇರಿಗೆ ಅಂಟಿದ ತೆಳುಪದರವಷ್ಟು ಹುಳಿಯಾಗಿ, ಗಟ್ಟಿಯಾಗಿದ್ದ ಕ್ಯಾಲ್ಸಿಯಂ ಫಾಸ್ಫೇಟ್ ಅಲ್ಲಿ ಕರಗುತ್ತದೆ. ರಂಜಕವಿರುವ ಜಾಗದಲ್ಲೇ ಈ ಹುಳಿ ಹುಟ್ಟಬೇಕು. ಲವಣ ಯಾವುದು ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯವೆಂದು ನನಗೆ ಮನವರಿಕೆಯಾಗಿರುವುದು ಈ ಆರು ಕುಂಡಗಳಿಂದ.

ಪೊಟ್ಯಾಷ್ ಹಾಗೂ ಜಿಪ್ಸಂ ಕುಂಡಗಳ ವಿಷಯದಲ್ಲಿ ಅಳತೆಯೇ ನನ್ನನ್ನು ದಾರಿ ತಪ್ಪಿಸಿತ್ತು. ಸಾಲಿನ ಮಣ್ಣನ್ನು ನೀರಿನಲ್ಲಿ ಕಲಕಿ, ಅಕ್ವೇರಿಯಂಗೆಂದು ಮಾರುವ ಫಾಸ್ಫೇಟ್ ಕಿಟ್‌ನಿಂದ ನೀಲಿ ಬಣ್ಣವನ್ನು ಹೋಲಿಸುತ್ತಿದ್ದೆ. ಲವಣವಿಲ್ಲದ ಎರೆಮಣ್ಣಿನ ಜೇಡಿಕಣಗಳು ಗಂಟೆಗಟ್ಟಲೆ ತೇಲಿ ನೀರನ್ನು ಕದಡಿಡುತ್ತವೆ, ಲವಣ ಸೇರಿದಲ್ಲಿ ಅವು ಗರಣೆಗಟ್ಟಿ ಬೇಗ ತಳ ಸೇರುತ್ತವೆ; ಹೀಗಾಗಿ ಕದಡಿದ ನೀರಿನ ಬಣ್ಣ ಗಾಢವಾಗಿ ಕಂಡು, ಅಲ್ಲಿಯೇ ರಂಜಕ ಹೆಚ್ಚೆಂದು ಬರೆದುಕೊಂಡಿದ್ದೆ. ಎರಡು ಪದರ ಸೋಸುಕಾಗದದಲ್ಲಿ ಸೋಸಿದ ಬಳಿಕ ಅಂತರ ಕುಗ್ಗಿತು, ಆದರೂ ಅಳಿಯಲಿಲ್ಲ: ಎರಡೂ ಲವಣಗಳ ಕುಂಡಗಳಲ್ಲಿ ನೀಲಿ ಬಣ್ಣ ತಿಳಿಯಾಗಿಯೇ ಉಳಿದಿದೆ. ಜಿಪ್ಸಂ ನೇರವಾಗಿ ಕ್ಯಾಲ್ಸಿಯಂ ಕೊಡುತ್ತದೆ. ಪೊಟ್ಯಾಷ್ ಜೇಡಿಗೆ ಅಂಟಿದ ಕ್ಯಾಲ್ಸಿಯಂ ಅನ್ನು ಸ್ಥಳಾಂತರಿಸಿ ದ್ರಾವಣಕ್ಕೆ ತರುತ್ತದೆ. ಎರಡು ದಾರಿಯಲ್ಲೂ ಕ್ಯಾಲ್ಸಿಯಂ ಹೆಚ್ಚಿದಂತೆ ಫಾಸ್ಫೇಟ್ ಅದರೊಂದಿಗೆ ಕೂಡಿ ಗಟ್ಟಿಯಾಗುತ್ತದೆ.

ಆದರೂ ಜಿಪ್ಸಂ ಕುಂಡಗಳ ಗಿಡಗಳು ಸೊರಗಿಲ್ಲ. ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿಯೇ ಜಿಪ್ಸಂ ಧಾರಾಳವಾಗಿರುವುದರಿಂದ ನಾನು ಸೇರಿಸಿದ್ದರ ಪರಿಣಾಮ ಅದರಲ್ಲಿ ಮುಚ್ಚಿಹೋಗಿರಬೇಕೆಂದು ಊಹಿಸಿದ್ದೇನೆ. ಮೂರನೆಯ ಸುತ್ತಿಗೆ ಕ್ಯಾಲ್ಸಿಯಂ ಇಲ್ಲದ ರಂಜಕದ ಗೊಬ್ಬರ ಡಿಎಪಿಯನ್ನು (ಡೈಅಮೋನಿಯಂ ಫಾಸ್ಫೇಟ್) ತೂಗಿಟ್ಟಿದ್ದು, ಅದರ 18% ಸಾರಜನಕವನ್ನು ಲೆಕ್ಕದಿಂದ ಕಳೆದಿದ್ದೇನೆ. ಈಗಿನ ಗಿಡಗಳನ್ನು ಆರನೆಯ ವಾರ ಕೊಯ್ದು, ನೆರಳಿನಲ್ಲಿ ಒಣಗಿಸಿ ತೂಗಬೇಕಾಗಿದೆ.