ಯುಗಾದಿ ಬಿಸಿಲಲ್ಲಿ ಎಲ್ಲಿಗೆ ನಡೆಯೋಣ?

ಮಾರ್ಚ್ ಬಂದರೆ ಸಾಕು, ಈ ಪ್ರಶ್ನೆ ಶುರು: ‘ಶನಿವಾರ, ಭಾನುವಾರ ಗೆಳೆಯರೆಲ್ಲ ಸೇರಿ ಬೆಂಗಳೂರಿನ ಹೊರಗೆ ಒಂದಿಷ್ಟು ನಡೆದು ಬರಬೇಕು, ಎಲ್ಲಿಗೆ ಹೋಗೋಣ?’

ಶನಿವಾರ ಬೆಟ್ಟ, ಭಾನುವಾರ ತೋಪು. ಎರಡೂ ದಿನ ಬೆಟ್ಟ ಹತ್ತುವ ಹಟ ಈ ತಿಂಗಳಲ್ಲಿ ಬೇಡ.

ಬೆಟ್ಟಕ್ಕೆ ಮಾಗಡಿ ಕಡೆಯ ಸಾವನದುರ್ಗ. 1,226 ಮೀಟರ್ ಎತ್ತರದ ಕಲ್ಲುಬೆಟ್ಟ, ನಗರದಿಂದ ಸುಮಾರು 60 ಕಿ.ಮೀ. ಮಾರ್ಚ್ ಕೊನೆಗೆ ಸೂರ್ಯ ಹುಟ್ಟುವುದು 6.20ರ ಆಸುಪಾಸು, ಅಷ್ಟೊತ್ತಿಗೆ ಬುಡದಲ್ಲಿರಬೇಕು, ಹತ್ತೂವರೆಗೆ ಕೆಳಗಿಳಿದಿರಬೇಕು. ಆಮೇಲೆ ಬಂಡೆ ಕಾದ ಹೆಂಚು. ಜನ ಬೀಳುವುದು ಹತ್ತುವಾಗ ಕಡಿಮೆ, ಇಳಿಯುವಾಗ ಹೆಚ್ಚು: ಕಾಲು ಸೋತಿರುತ್ತದೆ, ಬಂಡೆಯ ಮೇಲಿನ ಸಣ್ಣ ಗರಸು ನೆಲಕ್ಕೆ ಚೆಲ್ಲಿದ ರಾಗಿಯ ಹಾಗೆ ಜಾರುತ್ತದೆ. ಪಾದ ಪೂರ್ತಿ ಊರಿ, ಅಡ್ಡಡ್ಡ ಇಳಿಯಿರಿ. ಸವೆದ ಅಟ್ಟೆಯ ಶೂ ಬೇಡವೇ ಬೇಡ. ಕಾಳ್ಗಿಚ್ಚಿನ ಭಯಕ್ಕೆ ಬೇಸಿಗೆಯಲ್ಲಿ ಅರಣ್ಯ ಇಲಾಖೆ ಕೆಲವು ದಾರಿಗಳನ್ನು ಮುಚ್ಚುವುದುಂಟು, ಹಿಂದಿನ ದಿನವೇ ವಿಚಾರಿಸಿ.

ಬಂಡೆಯ ಸಂದಿಗಳಲ್ಲಿ ಹೆಜ್ಜೇನು ಕಟ್ಟುತ್ತದೆ. ಸೆಂಟು, ಹೊಗೆ, ಕಲ್ಲೆಸೆತ ಮೂರೂ ಅದನ್ನು ಕೆರಳಿಸುತ್ತವೆ. ಎದ್ದರೆ ಕೈ ಬೀಸುತ್ತಾ ನಿಲ್ಲಬೇಡಿ. ಮುಖ ಮುಚ್ಚಿಕೊಂಡು ದೂರ ಓಡಿ, ಆಮೇಲೆ ಚುಚ್ಚಿದ ಮುಳ್ಳನ್ನು ಉಗುರಿನಿಂದ ಕೆರೆದು ತೆಗೆಯಿರಿ.

ಇಳಿದ ಮೇಲೆ ಮಂಚನಬೆಲೆ ಜಲಾಶಯ ಕರೆಯುತ್ತದೆ. ನೋಡಿ, ಆದರೆ ನೀರಿಗೆ ಇಳಿಯಬೇಡಿ. ಅಲ್ಲಿ ಮುಳುಗಿ ಸತ್ತವರಲ್ಲಿ ಹೀಗೆ ಸುತ್ತಾಡಲು ಬಂದವರೇ ಬಹಳ.

ಬುತ್ತಿಗೆ ಮೊಸರನ್ನವೇ ಸರಿ, ಆದರೆ ಮೊಸರು ಸುರಿದು ಕಲಸಿದರೆ ಮಧ್ಯಾಹ್ನಕ್ಕೆ ಹುಳಿ. ಬಿಸಿ ಅನ್ನ ಮೆತ್ತಗೆ ಹಿಸುಕಿ, ಕಾಯಿಸಿದ ಹಾಲು ಬೆರೆಸಿ, ಉಗುರುಬೆಚ್ಚಗಾದ ಮೇಲೆ ಒಂದೇ ಚಮಚ ಮೊಸರು ಹಾಕಿ, ಹನ್ನೆರಡಕ್ಕೆ ಹದವಾಗಿರುತ್ತದೆ. ತಲೆಗೆ ಮೂರು ಲೀಟರ್ ನೀರು. ಅದರಲ್ಲಿ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎಲ್ಲ ಮಟ್ಟ ಅಳತೆ. ಉಪ್ಪು ಇದಕ್ಕಿಂತ ಹೆಚ್ಚಾದರೆ ಕುಡಿಯದೇ ಇರುವುದೇ ವಾಸಿ.

ಭಾನುವಾರಕ್ಕೆ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು. ನಂದಿಬೆಟ್ಟದ ಸಾಲಿನಲ್ಲಿ ನಿಲ್ಲುವವರಿಗೆ ಈ ಹೆಸರೇ ಗೊತ್ತಿರುವುದಿಲ್ಲ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದದ್ದು ಇದೇ. ಸುಮಾರು 54 ಎಕರೆ, ನಡುವೆ ಹಾಳುಬಿದ್ದ ಗುಡಿ, ಒಳಗೆ ಟೊಳ್ಳಾದರೂ ಹೊರಗೆ ಚಿಗುರುವ ಮುದಿ ಮರಗಳು. ಏರಿಲ್ಲ, ನೆರಳುಂಟು, ಮಂಡಿ ನೋವಿನವರೂ, ಮಕ್ಕಳೂ ಬರಬಹುದು. ಹುಣಸೆಯಲ್ಲಿ ದೆವ್ವ ಇರುತ್ತದೆ ಅನ್ನುವವರನ್ನು ಮನೆಯಲ್ಲೇ ಬಿಟ್ಟು ಬನ್ನಿ. ಹಣ್ಣಿಗೆ ಕಲ್ಲು ಬೀರಬೇಡಿ, ಟೊಳ್ಳು ಕಾಂಡ ಹತ್ತಬೇಡಿ. ಹೊರಗಿನ ತೊಗಟೆಯೇ ಆ ಮರದ ಜೀವ.

ಮೂರಕ್ಕೆಲ್ಲ ಹೊರಟುಬಿಡಿ. ಸಂಜೆಯಾದರೆ ನಂದಿಬೆಟ್ಟ ಇಳಿದ ಕಾರುಗಳೆಲ್ಲ ಹೆಬ್ಬಾಳದಲ್ಲಿ ನಿಮ್ಮ ಮುಂದೆಯೇ ನಿಂತಿರುತ್ತವೆ.