ಜಯನಗರದಿಂದ ಜಗಲಿಗೆ

ಮಂಡಿ ಆಪರೇಷನ್ ಆಗಿ ಅಮ್ಮ ಮೂರು ತಿಂಗಳು ಬೆಂಗಳೂರಿನಲ್ಲಿ ತಮ್ಮನ ಮನೆಯಲ್ಲಿದ್ದಳು. ಬಾಯಿ ಬಿಟ್ಟರೆ ತೋಟದ ಮಾತು, ಕೊಟ್ಟಿಗೆಯ ಮಾತು. ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಅವಳನ್ನು ಕರೆದೊಯ್ಯುವುದು ನನ್ನ ಪಾಲಿಗೆ ಬಂತು. ಬರುವಾಗ ಕಾರಿನಲ್ಲಿ ಬಂದಿದ್ದಳು. ಇಳಿಯುವ ಹೊತ್ತಿಗೆ ಪಾದ ಊದಿ ಚಪ್ಪಲಿ ಹಾಕಲಾಗಿರಲಿಲ್ಲ. ಒತ್ತಿದರೆ ಗುಳಿ ಬೀಳುತ್ತಿತ್ತು. ಅದಕ್ಕೇ ಈ ಸಲ ಡಾಕ್ಟರನ್ನು ಕೇಳಿಕೊಂಡು ವಿಮಾನದ ಟಿಕೆಟ್ ಮಾಡಿಸಿದೆ.

"ಎಷ್ಟೊತ್ತಾಗ್ತದೆ ಮಾರಾಯ್ತಿ?"

"ಒಂದು ಗಂಟೆ ಚಿಲ್ಲರೆ" ಅಂದುಬಿಟ್ಟೆ.

ರಾತ್ರಿ ಕೂತು ಲೆಕ್ಕ ಹಾಕಿದೆ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಶಿವಮೊಗ್ಗದ ನಿಲ್ದಾಣವಿರುವ ಸೋಗಾನೆಗೆ ನೇರ ಗೆರೆ ಎಳೆದರೆ ಸುಮಾರು 240 ಕಿ.ಮೀ. ನಾವು ಹೋಗುವ ಎಟಿಆರ್, ಅಂದರೆ ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಸಣ್ಣ ವಿಮಾನ, ಗಂಟೆಗೆ ಹೆಚ್ಚುಕಡಿಮೆ 500 ಕಿ.ಮೀ. ಹಾರುತ್ತದೆ. ಹಾಗಾದರೆ ಅರ್ಧ ಗಂಟೆ ಸಾಕಲ್ವಾ? ಸಾಲದು. ಟಿಕೆಟ್ಟಿನಲ್ಲಿರುವುದು ಇಲ್ಲಿ ನಿಂತ ಜಾಗ ಬಿಟ್ಟು ಅಲ್ಲಿ ಹೋಗಿ ನಿಲ್ಲುವವರೆಗಿನ ಹೊತ್ತು. ರನ್‌ವೇವರೆಗೆ ಉರುಳಬೇಕು, ಸರದಿ ಕಾಯಬೇಕು, ಮೇಲೇರಬೇಕು, ಏರಿದ ಸ್ವಲ್ಪ ಹೊತ್ತಿಗೇ ಇಳಿಯೋಕೆ ವೇಗ ಕಡಿಮೆ ಮಾಡಬೇಕು. ಇನ್ನು ಮನೆಯಿಂದ ಮನೆಗೆ ಹಿಡಿಯುವ ಹೊತ್ತು ಅದರಲ್ಲಿ ಸೇರಿಯೇ ಇಲ್ಲ.

ಬೆಳಿಗ್ಗೆ 6ಕ್ಕೆ ಜಯನಗರ ಬಿಟ್ಟೆವು. ಟ್ರಾಫಿಕ್, ತಪಾಸಣೆ, ಕಾಯುವುದು. ಎಟಿಆರ್‌ಗೆ ಹತ್ತುವ ಬಾಗಿಲು ಹಿಂದುಗಡೆ. ವೀಲ್‌ಚೇರ್ ತಳ್ಳುತ್ತಿದ್ದ ಹುಡುಗ "ಅವಸರ ಇಲ್ಲ ಅಮ್ಮ" ಅಂತ ಒಂದೊಂದೇ ಹೆಜ್ಜೆ ಇಡಿಸಿದ. ಆ ಹುಡುಗನಿಗೆ ಒಳ್ಳೆಯದಾಗಲಿ.

ಮೇಲೆ ಹೋದ ಮೇಲೆ ಅಮ್ಮ ಕಿಟಕಿಗೆ ಹಣೆ ಹಚ್ಚಿ ಕೂತವಳು ಅಲ್ಲಾಡಲಿಲ್ಲ. ಮೊದಲು ಬಯಲುಸೀಮೆಯ ಕೆರೆಗಳು. ಅವನ್ನು ಬೆರಳು ಮಡಚಿ ಎಣಿಸುತ್ತಿದ್ದಳು. ಆಮೇಲೆ ಬರೀ ಮೋಡ. ಮಳೆಗೆ ಎರಡು ಸುತ್ತು ಹೆಚ್ಚಿಗೆ ಹೊಡೆದೆವು, ನನ್ನ ಕೈ ಬೆವರಿತ್ತು. ಮೋಡ ಹರಿದಾಗ ಅಡಿಕೆ ತೋಟ, ಪಕ್ಕದಲ್ಲೇ ಕೆಂಪು ನೀರಿನ ಹೊಳೆ. ತುಂಗೆಯೋ ಭದ್ರೆಯೋ, ನನಗೆ ಗೊತ್ತಾಗಲಿಲ್ಲ. "ಹೊಳೆ ತುಂಬಿದೆ ಕಣೇ" ಅಂದಳು. ದನಿ ಒಡೆದಿತ್ತು.

2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ನಿಲ್ದಾಣ ಇದು. ಕುವೆಂಪು ಹೆಸರು ನೋಡಿ ಅಮ್ಮ ವೀಲ್‌ಚೇರ್ ನಿಲ್ಲಿಸಿದಳು. "ನಮ್ಮ ಕಡೆಯವರು" ಅಂತ ಹುಡುಗನಿಗೆ ಹೇಳಿದಳು. ಕುಪ್ಪಳಿ ನಮ್ಮ ತಾಲೂಕೇ.

ಅಲ್ಲಿಂದ ಟ್ಯಾಕ್ಸಿ. ಗಾಜನೂರು, ಸಕ್ರೆಬೈಲು, ಮಂಡಗದ್ದೆ. ಜಡಿಮಳೆ. ಮಂಡಗದ್ದೆಯಲ್ಲಿ ಇಳಿದು ಕಾಫಿ ಕುಡಿದು ನಾಲ್ಕು ಹೆಜ್ಜೆ ನಡೆದಳು. ಮನೆ ಮುಟ್ಟಿದಾಗ ಒಂದೂವರೆ. ಏಳೂವರೆ ಗಂಟೆ! ಕಾರಿನಲ್ಲಿ ಬಂದಿದ್ದರೂ ಹೆಚ್ಚುಕಡಿಮೆ ಅಷ್ಟೇ. ದುಡ್ಡು ಮಾತ್ರ ಜಾಸ್ತಿ ಖರ್ಚಾಗಿತ್ತು.

ಅಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತಳು. ನಾನು ಕೆಳಗೆ ಕೂತು ಅವಳ ಪಾದದ ಮೇಲೆ ಹೆಬ್ಬೆರಳು ಒತ್ತಿ ನೋಡಿದೆ. ಗುಳಿ ಬೀಳಲಿಲ್ಲ.